ಚಿತ್ರಕಥೆಯಲ್ಲಿ ವರ್ಣಚಿತ್ರಕಲೆ: ಅಲೆಕ್ಸ್ ರಾಸ್

ಚಿತ್ರಕಥೆಯ ಪುಸ್ತಕವೆಂದರೆ ಮಕ್ಕಳ ಕಾಲಹರಣದ ಸಾಮಗ್ರಿ ಎಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಪಠ್ಯಪುಸ್ತಕದ ಮರೆಯಲ್ಲಿ ಅದನ್ನಿಟ್ಟುಕೊಂಡು ಓದುವ ವಿದ್ಯಾರ್ಥಿಯನ್ನು ಗದರಿಸದ ಉಪಾಧ್ಯಾಯರು ವಿರಳ. ಈ ಭಾವನೆ ಕಾರಣವಿಲ್ಲದೆ ಹುಟ್ಟಿದುದಲ್ಲ. ಅಮೆರಿಕದಲ್ಲಿ 1938ರಲ್ಲಿ ಸೂಪರ್‌ಮ್ಯಾನ್ ಎಂಬ ಅತಿಮಾನವ ವೀರನು ಮೊದಲ ಬಾರಿಗೆ ಕಾಣಿಸಿಕೊಂಡಂದಿನಿಂದ ಬಹುಕಾಲ ಈ ಪುಸ್ತಕಗಳು ಅಗ್ಗದ ಕಾಗದದ ಮೇಲೆ, ಕೆಲವೇ ಬಣ್ಣಗಳಲ್ಲಿ ಅಚ್ಚಾಗುತ್ತಿದ್ದವು. ಒಬ್ಬನು ಪೆನ್ಸಿಲಿನಲ್ಲಿ ಬರೆದುದಕ್ಕೆ ಇನ್ನೊಬ್ಬನು ಮಸಿ ತೀಡುವನು, ಮೂರನೆಯವನು ಬಣ್ಣ ಸೂಚಿಸುವನು, ನಾಲ್ಕನೆಯವನು ಅಕ್ಷರ ಬರೆಯುವನು. ಇಂತಹ ಅವಸರದ ಕ್ರಮದಲ್ಲಿ ಮುಖಭಾವಕ್ಕಾಗಲಿ, ನೆರಳು ಬೆಳಕಿನ ಸೂಕ್ಷ್ಮಕ್ಕಾಗಲಿ ಎಡೆ ಕಡಿಮೆ. ಈ ಜನಪ್ರಿಯ ಪ್ರಕಾರಕ್ಕೆ ವರ್ಣಚಿತ್ರಕಲೆಯ ಗಾಂಭೀರ್ಯವನ್ನು ತಂದುಕೊಟ್ಟವರಲ್ಲಿ ಅಲೆಕ್ಸ್ ರಾಸ್ ಪ್ರಮುಖನು. ಆತನ ಸಾಧನೆಯ ಹಿಂದಿರುವ ಪ್ರಭಾವಗಳು ಶಿಕ್ಷಣದಲ್ಲಿ ಆಸಕ್ತಿಯುಳ್ಳ ಎಲ್ಲರ ಗಮನಕ್ಕೂ ಅರ್ಹವಾದವು.

ಬಾಲ್ಯ ಮತ್ತು ಶಿಕ್ಷಣ

ರಾಸ್ ಹುಟ್ಟಿದುದು 1970ರ ಜನವರಿ 22ರಂದು, ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರದಲ್ಲಿ. ಬೆಳೆದುದು ಟೆಕ್ಸಾಸಿನ ಲಬಕ್‌ನಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕರು. ತಾಯಿ ವಾಣಿಜ್ಯ ಚಿತ್ರಕಲಾವಿದೆ. ಒಬ್ಬರಿಂದ ನೀತಿಯ ಚಿಂತನೆ, ಇನ್ನೊಬ್ಬರಿಂದ ರೇಖೆಯ ಶಿಸ್ತು ಬಾಲಕನಿಗೆ ದೊರೆತವು ಎನ್ನಬಹುದು. ಮಕ್ಕಳಿಗೆ ಓದು ಕಲಿಸುವುದಕ್ಕೆಂದೇ ರಚಿತವಾದ ‘ದಿ ಎಲೆಕ್ಟ್ರಿಕ್ ಕಂಪನಿ’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ಆತ ಸ್ಪೈಡರ್‌ಮ್ಯಾನ್‌ನನ್ನು ಕಂಡನು. ವೀರಪಾತ್ರಗಳ ಮೇಲಿನ ಪ್ರೀತಿ ಅಂದೇ ಮೊಳೆಯಿತು. ಆರಂಭದಲ್ಲಿ ಜಾನ್ ರೊಮಿಟಾ, ನೀಲ್ ಆಡಮ್ಸ್, ಜಾರ್ಜ್ ಪೆರೆಜ್ ಮೊದಲಾದ ಚಿತ್ರಕಥೆಯ ಕಲಾವಿದರೇ ಆತನ ಮಾದರಿಗಳಾಗಿದ್ದರು.

ಹದಿಹರೆಯದ ಕೊನೆಯಲ್ಲಿ ರಾಸ್ ಷಿಕಾಗೋದ ಅಮೆರಿಕನ್ ಅಕಾಡೆಮಿ ಆಫ್ ಆರ್ಟ್ ಸೇರಿದನು. ಅದು ತಾಯಿಯೂ ಓದಿದ ಶಾಲೆ. ಅಲ್ಲಿ ಸಜೀವ ಮಾದರಿಯನ್ನು ಎದುರಿಗಿಟ್ಟುಕೊಂಡು ಚಿತ್ರಿಸುವ ಕಠಿಣ ಅಭ್ಯಾಸ ಆತನಿಗೆ ದೊರೆಯಿತು. ಬಾಲ್ಯದ ವೀರರನ್ನೂ ಶಾಲೆಯ ವಿದ್ಯೆಯನ್ನೂ ಒಂದುಗೂಡಿಸಿ ಚಿತ್ರಕಥೆಯನ್ನೇ ವರ್ಣಚಿತ್ರವಾಗಿ ಬರೆಯಬೇಕೆಂಬ ಸಂಕಲ್ಪ ಮೂಡಿದುದು ಆ ವರ್ಷಗಳಲ್ಲಿಯೇ.

ಪ್ರಭಾವಗಳು

ಈ ಸಂಕಲ್ಪಕ್ಕೆ ಬಲ ಕೊಟ್ಟವರಲ್ಲಿ ಮೊದಲಿಗನು ನಾರ್ಮನ್ ರಾಕ್‌ವೆಲ್ (1894–1978). ‘ಸ್ಯಾಟರ್ಡೆ ಈವನಿಂಗ್ ಪೋಸ್ಟ್’ ಪತ್ರಿಕೆಗೆ ಮುನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದ ಈ ಕಲಾವಿದನ ಜಗತ್ತು ಸಾಮಾನ್ಯರದು. ಕ್ಷೌರದಂಗಡಿ, ಊಟದ ಮೇಜು, ಶಾಲೆಯ ಹುಡುಗ ಇವೇ ಆತನ ವಸ್ತುಗಳು. ಎರಡನೆಯವನು ಆಂಡ್ರೂ ಲೂಮಿಸ್ (1892–1959). ಅದೇ ಅಕಾಡೆಮಿಯಲ್ಲಿ ಹಿಂದೆ ಪಾಠ ಹೇಳಿದವನು, ಮಾನವಾಕೃತಿಯ ರಚನೆಯನ್ನು ಕುರಿತ ಆತನ ಬೋಧಗ್ರಂಥಗಳು ಇಂದಿಗೂ ಕಲಾಭ್ಯಾಸಿಗಳ ಕೈಪಿಡಿಗಳಾಗಿವೆ. ಮೂರನೆಯವನು ಜೆ. ಸಿ. ಲಯೆಂಡೆಕರ್ (1874–1951), ಬೆಳಕನ್ನು ಕುಂಚದ ಖಚಿತವಾದ ಎಳೆತಗಳಲ್ಲಿ ಹಿಡಿದಿಡುವುದರಲ್ಲಿ ನಿಪುಣ. ಮೂವರನ್ನೂ ಒಂದು ಕಾಲದ ಕಲಾವಿಮರ್ಶಕರು ಕೇವಲ ‘ಪತ್ರಿಕೆಯ ಚಿತ್ರಕಾರರು’ ಎಂದು ಬದಿಗಿಟ್ಟಿದ್ದರು ಎಂಬುದು ಗಮನಾರ್ಹ. ಒಂದು ಉಪೇಕ್ಷಿತ ಕಲೆಯಿಂದ ಕಲಿತುದನ್ನು ರಾಸ್ ಇನ್ನೊಂದು ಉಪೇಕ್ಷಿತ ಕಲೆಗೆ ಧಾರೆಯೆರೆದನು.

ಕಾರ್ಯವಿಧಾನ

ವ್ಯಾಸಂಗದ ತರುವಾಯ ರಾಸ್ ಲಿಯೋ ಬರ್ನೆಟ್ ಜಾಹೀರಾತು ಸಂಸ್ಥೆಯಲ್ಲಿ ದೃಶ್ಯಫಲಕಗಳನ್ನು ಬರೆಯುವ ಕೆಲಸ ಮಾಡಿದನು. 1990ರಲ್ಲಿ ‘ಟರ್ಮಿನೇಟರ್: ದಿ ಬರ್ನಿಂಗ್ ಅರ್ತ್’ ಎಂಬ ಮೊದಲ ಚಿತ್ರಕಥೆ ಪ್ರಕಟವಾಯಿತು. ಬಣ್ಣದಲ್ಲಿ ಬರೆದ ಚಿತ್ರಕಥೆಗಳು ಅದಕ್ಕೆ ಮುಂಚೆಯೂ ಇದ್ದವು. ಬಿಲ್ ಸಿಂಕೆವಿಚ್, ಡೇವ್ ಮೆಕೀನ್ ಮೊದಲಾದವರು 1980ರ ದಶಕದಲ್ಲಿಯೇ ಆ ಪ್ರಯೋಗ ನಡೆಸಿದ್ದರು. ಆದರೆ ಅವರ ಒಲವು ವಿಕೃತಿ ಮತ್ತು ಸ್ವಪ್ನದ ಕಡೆಗೆ. ರಾಸ್‌ನ ಒಲವು ಯಥಾರ್ಥದ ಕಡೆಗೆ.

ಆತನ ವಿಧಾನ ಹೀಗೆ: ಮೊದಲು ಪುಟದ ವಿನ್ಯಾಸವನ್ನು ಪೆನ್ಸಿಲಿನಲ್ಲಿ ಗುರುತಿಸುವನು. ಪರಿಚಿತರನ್ನು ಮಾದರಿಗಳಾಗಿ ನಿಲ್ಲಿಸಿ, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಛಾಯಾಚಿತ್ರ ತೆಗೆಯುವನು. ಅವುಗಳನ್ನು ಆಧರಿಸಿ ಗೌಷ್ ಎಂಬ ಜಲವರ್ಣದಲ್ಲಿ ಮೊದಲು ಕಪ್ಪು ಬಿಳುಪಿನ ಛಾಯೆಗಳನ್ನು ತುಂಬಿ, ಅನಂತರ ಮೇಲೆ ತೆಳುವಾದ ಬಣ್ಣಗಳನ್ನು ಲೇಪಿಸುವನು. ಆಕೃತಿಯ ಘನತೆಯೆಲ್ಲ ಕಪ್ಪು ಬಿಳುಪಿನಲ್ಲಿಯೇ ಸಿದ್ಧಿಸುವುದರಿಂದ ಬಣ್ಣಕ್ಕೆ ಅಬ್ಬರಿಸುವ ಅಗತ್ಯವಿಲ್ಲ. ವೀರನ ಉಡುಪು ಬಟ್ಟೆಯಂತೆ ಮಡಿಕೆ ಬೀಳುತ್ತದೆ. ಕಣ್ಣಿನ ಸುತ್ತ ವಯಸ್ಸಿನ ಗೆರೆ ಕಾಣುತ್ತದೆ.

ಪ್ರಮುಖ ಕೃತಿಗಳು

1994ರ ‘ಮಾರ್ವೆಲ್ಸ್’ ಆತನಿಗೆ ಕೀರ್ತಿ ತಂದ ಕೃತಿ. ಕರ್ಟ್ ಬ್ಯೂಸಿಕ್ ರಚಿಸಿದ ಈ ಕಥೆಯ ನಾಯಕ ಯಾವ ವೀರನೂ ಅಲ್ಲ. ಫಿಲ್ ಷೆಲ್ಡನ್ ಎಂಬ ಪತ್ರಿಕಾ ಛಾಯಾಗ್ರಾಹಕ. ಅತಿಮಾನವರನ್ನು ಆತ ಬೀದಿಯಲ್ಲಿ ನಿಂತು, ತಲೆಯೆತ್ತಿ ನೋಡುತ್ತಾನೆ. ಓದುಗನೂ ಹಾಗೆಯೇ ನೋಡಬೇಕಾಗುತ್ತದೆ. ವಿಲಕ್ಷಣ ಶಕ್ತಿಯೊಡನೆ ಹುಟ್ಟಿದವರ ಮೇಲೆ ಜನ ಸಿಡಿದೆದ್ದಾಗ ಷೆಲ್ಡನ್ನನೂ ಗುಂಪಿನಲ್ಲಿ ಸೇರಿ ಇಟ್ಟಿಗೆ ಎಸೆಯುತ್ತಾನೆ. ಮನೆಗೆ ಬಂದರೆ, ತನ್ನ ಪುಟ್ಟ ಹೆಣ್ಣುಮಕ್ಕಳು ನೆಲಮಾಳಿಗೆಯಲ್ಲಿ ಅಂತಹುದೇ ಒಂದು ವಿರೂಪಳಾದ ಬಾಲಕಿಯನ್ನು ಬಚ್ಚಿಟ್ಟು ಸಾಕುತ್ತಿರುವುದು ಕಾಣುತ್ತದೆ. ಆ ಮಗುವಿನ ಮುಖವನ್ನು ರಾಸ್ ಭಯಾನಕವಾಗಿ ಬರೆಯಲಿಲ್ಲ, ಭಯಗೊಂಡ ಮುಖವಾಗಿ ಬರೆದನು. ಕೈಯಲ್ಲಿ ಇಟ್ಟಿಗೆ ಹಿಡಿದಿದ್ದವನು ಆಶ್ರಯ ನೀಡುವವನಾಗುವ ಪರಿವರ್ತನೆಯನ್ನು ಉದ್ದನೆಯ ಉಪದೇಶಕ್ಕಿಂತ ಆ ಕಣ್ಣುಗಳೇ ಹೇಳುತ್ತವೆ.

1996ರ ‘ಕಿಂಗ್‌ಡಮ್ ಕಮ್’ (ಕಥೆ: ಮಾರ್ಕ್ ವೇಡ್) ಶಕ್ತಿಯ ದುರುಪಯೋಗವನ್ನು ಕುರಿತುದು. ಇಲ್ಲಿಯೂ ಸಾಕ್ಷಿಯಾಗಿರುವವನು ಸಾಮಾನ್ಯ. ನಾರ್ಮನ್ ಮೆಕೇ ಎಂಬ ವೃದ್ಧ ಧರ್ಮಬೋಧಕ. ಈ ಪಾತ್ರಕ್ಕೆ ರಾಸ್ ತನ್ನ ತಂದೆಯ ರೂಪವನ್ನೇ ಕೊಟ್ಟನು. ಕೊನೆಯಲ್ಲಿ ಕೋಪಾವಿಷ್ಟನಾದ ಸೂಪರ್‌ಮ್ಯಾನ್‌ನನ್ನು ಶಾಂತಗೊಳಿಸುವುದು ಈ ಮುದುಕನ ಮಾತು. ಯಾವ ಆಯುಧವೂ ಅಲ್ಲ.

ಪಾಲ್ ಡೀನಿಯೊಡನೆ 1998ರಿಂದ ಹೊರತಂದ ದೊಡ್ಡ ಆಕಾರದ ಪುಸ್ತಕಗಳಲ್ಲಿ ‘ಸೂಪರ್‌ಮ್ಯಾನ್: ಪೀಸ್ ಆನ್ ಅರ್ತ್’ ಮೊದಲನೆಯದು. ಹಸಿವಿನಿಂದ ಕುಸಿದ ಹುಡುಗಿಯೊಬ್ಬಳನ್ನು ಕಂಡ ಸೂಪರ್‌ಮ್ಯಾನ್ ಒಂದು ದಿನವಾದರೂ ಲೋಕದ ಹಸಿದವರಿಗೆಲ್ಲ ಅನ್ನ ಮುಟ್ಟಿಸಲು ಹೊರಡುತ್ತಾನೆ. ಬೆಟ್ಟ ಎತ್ತಬಲ್ಲವನಿಗೆ ಇದು ಅಸಾಧ್ಯವಾಗುತ್ತದೆ. ಆಳುವವರ ಸ್ವಾರ್ಥ, ಜನರ ಅಪನಂಬಿಕೆ, ನೂಕುನುಗ್ಗಲು ಅಡ್ಡ ಬರುತ್ತವೆ. ಸೋತವನು ರೈತನ ಮಗನಾಗಿ ಮರಳಿ, ಬೀಜ ಬಿತ್ತುವ ವಿದ್ಯೆಯನ್ನು ಎಳೆಯರಿಗೆ ಕಲಿಸುವುದರೊಡನೆ ಕಥೆ ಮುಗಿಯುತ್ತದೆ. ಕೊಡುವುದಕ್ಕಿಂತ ಕಲಿಸುವುದು ಕಷ್ಟದ, ಆದರೆ ಬಾಳುವ ದಾನವೆಂಬುದೇ ಅದರ ತಾತ್ಪರ್ಯ.

ಆಕ್ಷೇಪಗಳು ಮತ್ತು ಮನ್ನಣೆ

ರಾಸ್‌ನ ಕಲೆ ಆಕ್ಷೇಪಗಳಿಗೆ ಅತೀತವಾದುದಲ್ಲ. ಛಾಯಾಚಿತ್ರದ ಅವಲಂಬನೆಯಿಂದ ಆಕೃತಿಗಳು ಕೆಲವೆಡೆ ಭಂಗಿಯಲ್ಲಿ ನಿಂತಂತೆ ಕಾಣುತ್ತವೆ, ಚಿತ್ರಕಥೆಗೆ ಸಹಜವಾದ ವೇಗ ಕುಗ್ಗುತ್ತದೆ ಎಂಬ ಮಾತಿನಲ್ಲಿ ಹುರುಳುಂಟು. ಹಳೆಯ ವೀರರ ಮೇಲಿನ ಮಮತೆ ಹೊಸದನ್ನು ಕಾಣಗೊಡದು ಎಂಬ ದೂರೂ ಇದೆ. ಆದರೂ ‘ಕಾಮಿಕ್ಸ್ ಬೈಯರ್ಸ್ ಗೈಡ್’ ಪತ್ರಿಕೆಯ ಓದುಗರು ಮೆಚ್ಚಿನ ವರ್ಣಚಿತ್ರಕಾರನೆಂದು ಸತತ ಏಳು ವರ್ಷ ಆತನನ್ನೇ ಆರಿಸಿದ ಕಾರಣ ಆ ಬಹುಮಾನದ ವಿಭಾಗವನ್ನೇ ನಿಲ್ಲಿಸಬೇಕಾಯಿತು. 2012ರಲ್ಲಿ ನಾರ್ಮನ್ ರಾಕ್‌ವೆಲ್ ವಸ್ತುಸಂಗ್ರಹಾಲಯದಲ್ಲಿಯೇ ರಾಸ್‌ನ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಶಿಷ್ಯನು ಗುರುವಿನ ಮನೆಯಂಗಳ ಸೇರಿದಂತಾಯಿತು. 2022ರಲ್ಲಿ ‘ಫೆಂಟಾಸ್ಟಿಕ್ ಫೋರ್: ಫುಲ್ ಸರ್ಕಲ್’ ಕೃತಿಯಲ್ಲಿ ಕಥೆಯನ್ನೂ ತಾನೇ ಬರೆದು, ತೈಲಛಾಯೆಯಂತಹ ಹಳೆಯ ರೀತಿಯನ್ನು ಬಿಟ್ಟು ದಟ್ಟವಾದ ರೇಖೆ, ಗಾಢವಾದ ಬಣ್ಣಗಳತ್ತ ಹೊರಳಿದುದು ಹೊಸತನ್ನು ಕಾಣನೆಂಬ ದೂರಿಗೆ ಆತ ಕೊಟ್ಟ ಉತ್ತರದಂತಿದೆ.

ಉಪಸಂಹಾರ

ಬಾಲಕನೊಬ್ಬನು ದೂರದರ್ಶನದಲ್ಲಿ ಕಂಡ ವೇಷಧಾರಿಯನ್ನು ಕಾಗದದ ಮೇಲೆ ಗೀಚಿದನು. ಮನೆಯವರು ಅದನ್ನು ಹರಿದೆಸೆಯಲಿಲ್ಲ. ಶಾಲೆಯೂ ಆ ಒಲವನ್ನು ಅಳಿಸದೆ ಅದಕ್ಕೆ ಅಸ್ಥಿಪಂಜರದ ಜ್ಞಾನವನ್ನೂ ಬೆಳಕಿನ ವಿವೇಕವನ್ನೂ ಕೂಡಿಸಿತು. ಮಗುವಿನ ಆಸಕ್ತಿಯ ವಸ್ತು ಅಲ್ಪವಾಗಿರಬಹುದು, ಆಸಕ್ತಿ ಅಲ್ಪವಲ್ಲ. ಪಠ್ಯಪುಸ್ತಕದ ಮರೆಯಿಂದ ಚಿತ್ರಕಥೆಯನ್ನು ಕಿತ್ತುಕೊಳ್ಳುವ ಮುನ್ನ ಅದರ ಯಾವ ಪುಟದಲ್ಲಿ ಹುಡುಗನ ಬೆರಳು ನಿಂತಿತ್ತೆಂದು ಉಪಾಧ್ಯಾಯರು ಒಮ್ಮೆ ನೋಡುವುದು ಒಳ್ಳೆಯದು.