ಲೋಹಕ್ಕೆ ಮೂಳೆಯ ಹೊದಿಕೆ

ಸೊಂಟದ ಕೀಲು ಸವೆದವರಿಗೆ ತೊಡೆಮೂಳೆಯೊಳಗೆ ಟೈಟಾನಿಯಂ ಮಿಶ್ರಲೋಹದ ಕಾಂಡ ಕೂರಿಸುತ್ತಾರೆ. ಲೋಹವನ್ನು ದೇಹ ಸಹಿಸಿಕೊಳ್ಳುತ್ತದೆ, ಆದರೆ ಮೂಳೆ ಅದಕ್ಕೆ ಬೇಗ ಬೆಸೆಯದು. ಆ ಕೊರತೆ ತುಂಬುವುದು ಹೈಡ್ರಾಕ್ಸಿಅಪಟೈಟ್ ಎಂಬ ಸೆರಾಮಿಕ್ ಲೇಪ.

ಇದೊಂದು ಕ್ಯಾಲ್ಸಿಯಂ ಫಾಸ್ಫೇಟ್. ಮೂಳೆ, ಹಲ್ಲುಗಳ ಖನಿಜವೂ ಇದೇ ಬಗೆಯದು. ಕ್ಯಾಲ್ಸಿಯಂ-ರಂಜಕ ಪರಮಾಣುಗಳ ಅನುಪಾತ 1.67.

ಲೇಪಿಸುವ ಬಗೆ ನಿಜಕ್ಕೂ ಬೆರಗಿನದು. ಪ್ಲಾಸ್ಮಾ ಸ್ಪ್ರೇ ವಿಧಾನದಲ್ಲಿ ಆರ್ಗಾನ್‌ನಂಥ ಅನಿಲ ವಿದ್ಯುತ್ ಚಾಪದಲ್ಲಿ 10,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದು ಹೊಮ್ಮುತ್ತದೆ. ಅದರೊಳಗೆ ಬಿದ್ದ ಹೈಡ್ರಾಕ್ಸಿಅಪಟೈಟ್‌ನ ಬಿಳಿ ಪುಡಿ ಅರೆಕರಗಿ, ಒರಟು ಲೋಹಕ್ಕೆ ಅಪ್ಪಳಿಸಿ, ಕಾವಲಿಗೆ ಬಿದ್ದ ದೋಸೆಹಿಟ್ಟಿನ ಹನಿಯಂತೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಪದರದ ದಪ್ಪ ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್. ಕಾವು ಹೆಚ್ಚಾದರೆ ಸ್ಫಟಿಕ ರಚನೆ ಕೆಟ್ಟು ಲೇಪ ದೇಹದ್ರವದಲ್ಲಿ ಬೇಗ ಕರಗುತ್ತದೆ. ತೀರಾ ದಪ್ಪವಾದರೆ ಬಿರುಕು ಬಿಟ್ಟು ಕಳಚುವ ಅಪಾಯ. ತಂತ್ರಜ್ಞರ ಕೈಚಳಕವೆಲ್ಲ ಈ ಹದದಲ್ಲೇ ಇದೆ.

1985ರಲ್ಲಿ ಬ್ರಿಟಿಷ್ ಶಸ್ತ್ರಚಿಕಿತ್ಸಕ ರೊನಾಲ್ಡ್ ಫರ್ಲಾಂಗ್ ಇಂಥ ಲೇಪಿತ ಸೊಂಟದ ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಇಲ್ಲದೆಯೇ ಅಳವಡಿಸಿದರು.