ಹವಳದ ಮರಿ ಎಷ್ಟು ದೂರ ಹೋಗ್ತದೆ?

ಹವಳದ ಸರ ನೀವು ನೋಡಿದ್ದೀರಿ. ತಾಳಿಸರದಲ್ಲಿ ಎರಡು ಕೆಂಪು ಹವಳ ಪೋಣಿಸುವ ವಾಡಿಕೆ ಎಷ್ಟೋ ಮನೆಗಳಲ್ಲಿ ಇದೆ. ಹವಳ ಅಂದರೆ ಕಲ್ಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಲ್ಲಲ್ಲ. ಸಮುದ್ರದ ಸಣ್ಣ ಸಣ್ಣ ಜೀವಿಗಳ ಮೈಯಿಂದ ಆದದ್ದು. ಸರದ ಕೆಂಪು ಹವಳದ ಜಾತಿ ಬೇರೆ. ಈ ಪಾಠ ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ್ದು. ಕಾಸರಗೋಡಿನ ಕಡೆಯವರಿಗೆ ಲಕ್ಷದ್ವೀಪ ಗೊತ್ತು. ಆ ದ್ವೀಪಗಳು ನಿಂತಿರುವುದೇ ಇಂಥ ಹವಳದ ದಿಬ್ಬಗಳ ಮೇಲೆ.

ಹವಳ ಒಮ್ಮೆ ಬಂಡೆಗೆ ಅಂಟಿಕೊಂಡಿತು ಅಂದರೆ ಸಾಯುವವರೆಗೂ ಅಲ್ಲೇ. ಅದಕ್ಕೆ ಕಾಲಿಲ್ಲ, ಈಜು ಬರುವುದಿಲ್ಲ. ಹಾಗಾದರೆ ಅದರ ವಂಶ ದೂರದ ಇನ್ನೊಂದು ದಿಬ್ಬಕ್ಕೆ ಹೋಗುವುದು ಹೇಗೆ?

ಮರಿಗಳ ಮೂಲಕ. ವರ್ಷದಲ್ಲಿ ಕೆಲವೇ ರಾತ್ರಿ, ಹುಣ್ಣಿಮೆ ಕಳೆದ ಮೇಲೆ, ಬಹಳ ಜಾತಿಯ ಹವಳಗಳು ಒಟ್ಟಿಗೆ ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಡುತ್ತವೆ. ಅವು ಕೂಡಿ ಮರಿ ಆಗುತ್ತದೆ. ಮರಿ ಗಸಗಸೆ ಕಾಳಿಗಿಂತ ದೊಡ್ಡದಿಲ್ಲ. ನೀರು ಒಯ್ದ ಕಡೆ ಹೋಗ್ತದೆ. ಹೆಚ್ಚಿನವು ಒಂದು ವಾರದೊಳಗೆ ಬಂಡೆ ಹಿಡಿಯಲು ತಯಾರಾಗುತ್ತವೆ. ಕೆಲವು ಜಾತಿಯ ಮರಿಗಳು ಮಾತ್ರ ನೂರು ದಿನಕ್ಕೂ ಹೆಚ್ಚು ತೇಲುತ್ತಾ ಬದುಕಬಲ್ಲವು. ಮೀನಿನ ಬಾಯಿಗೆ ಹೋಗುವುದೇ ಬಹಳ.

ಯಾವ ಮರಿ ಎಲ್ಲಿಗೆ ಹೋಯಿತು ಅಂತ ಹಿಂದೆ ಹೋಗಿ ನೋಡಲು ಆಗುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಮಗುವನ್ನು ನೋಡಿ 'ಮೂಗು ಅಜ್ಜಿಯದೇ' ಅಂತೀವಲ್ಲ? ಹೆತ್ತವರಿಂದ ಮಕ್ಕಳಿಗೆ ಹೀಗೆ ಗುಣಗಳನ್ನು ತರುವುದಕ್ಕೆ ವಂಶವಾಹಿ ಅಂತ ಹೆಸರು. ಎರಡು ದಿಬ್ಬಗಳಿಂದ ಹವಳದ ಚೂರು ತಂದು ವಂಶವಾಹಿಯನ್ನು ಹೋಲಿಸಿದರೆ, ಅವು ನೆಂಟರೋ ಅಲ್ಲವೋ ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಿ. ನಿಮ್ಮ ಊರಿಗೂ ಗಡಿಯಾಚೆಯ ಊರಿಗೂ ತಲೆಮಾರಿಗೆ ನಾಲ್ಕು ಹೆಣ್ಣು ಕೊಟ್ಟು ತಂದರೆ ಸಾಕು, ಎರಡೂ ಊರು ನೆಂಟರೇ. ಆದರೆ ಬರ ಬಿದ್ದು ಊರೇ ಖಾಲಿ ಆಯಿತು ಅನ್ನಿ. ಆ ನಾಲ್ಕು ಜನರಿಂದ ಊರು ತುಂಬುತ್ತದೆಯೇ? ಹವಳದ ಕಥೆಯೂ ಹಾಗೇ. ದೂರದಿಂದ ಎಂದೋ ಬಂದ ಒಂದೆರಡು ಮರಿ ನೆಂಟಸ್ತನ ಉಳಿಸುತ್ತದೆ. ಸತ್ತ ದಿಬ್ಬ ತುಂಬಲು ಲಕ್ಷಗಟ್ಟಲೆ ಮರಿ ಬೇಕು.

ಆಸ್ಟ್ರೇಲಿಯಾದ ವಾಯವ್ಯಕ್ಕೆ, ಹಿಂದೂ ಮಹಾಸಾಗರದಲ್ಲಿ, ಸ್ಕಾಟ್ ಎಂಬ ಹವಳದ ದಿಬ್ಬ ಇದೆ. ಅದರ ಪಕ್ಕದ ಚಿಕ್ಕ ದಿಬ್ಬದ ಹೆಸರು ಸೆರಿಂಗಪಟಂ. ಇಂಗ್ಲಿಷರು ನಮ್ಮ ಶ್ರೀರಂಗಪಟ್ಟಣವನ್ನು ಕರೆಯುತ್ತಿದ್ದದ್ದು ಹಾಗೇ! ಇವು ಬಿಟ್ಟರೆ ದೊಡ್ಡ ದಿಬ್ಬ ಸಿಗಬೇಕಾದರೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು.

1998ರಲ್ಲಿ ಅಲ್ಲಿಯ ನೀರು ವಿಪರೀತ ಬಿಸಿಯಾಯಿತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದೇ ಹವಳಕ್ಕೆ ಅನ್ನ ಹಾಕುವುದು. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ಸ್ಕಾಟ್ ದಿಬ್ಬದಲ್ಲಿ ನೂರು ಅಡಿ ಬಂಡೆಗೆ ಒಂಬತ್ತು ಅಡಿ ಮಾತ್ರ ಜೀವಂತ ಹವಳ ಉಳಿಯಿತು.

ಹೊರಗಿನಿಂದ ಮರಿ ಬಂದವೇ? ಇಲ್ಲ. ಆರು ವರ್ಷ ಹೊಸ ಮರಿಗಳ ಸಂಖ್ಯೆ ಮೊದಲಿಗಿಂತ ನೂರಕ್ಕೆ 94 ಪಾಲು ಕಡಿಮೆ ಇತ್ತು. ಅಲ್ಲಿಯ ಎರಡು ಜಾತಿಯ ಹವಳಗಳ ವಂಶವಾಹಿ ನೋಡಿದವರು ಕಾರಣವನ್ನು 2009ರಲ್ಲಿ ತಿಳಿಸಿದರು. ಹೆಚ್ಚಿನ ಮರಿಗಳು ಹುಟ್ಟಿದ ದಿಬ್ಬದ ಸುತ್ತಮುತ್ತಲೇ ನೆಲೆ ನಿಲ್ಲುತ್ತವೆ.

ಆ ದಿಬ್ಬದ ಕಥೆ ಮುಗಿಯಿತು ಅಂತ ಯಾರಿಗೂ ಅನಿಸಬಹುದಿತ್ತು. ಆದರೆ ಉಳಿದ ಒಂಬತ್ತು ಅಡಿ ಬೆಳೆಯಿತು. ಉಳಿದ ತುಂಡುಗಳು ದೊಡ್ಡವಾದವು, ಪ್ರಾಯಕ್ಕೆ ಬಂದು ತಾವೇ ಮೊಟ್ಟೆ ಬಿಟ್ಟವು. ಆಗ ಮರಿಗಳು ಒಮ್ಮೆಲೇ ಹೆಚ್ಚಿದವು. ಹನ್ನೆರಡು ವರ್ಷದಲ್ಲಿ ನೂರಕ್ಕೆ 44 ಅಡಿ ಹವಳ ಆಯಿತು. ಊರು ದೂರ ಇದ್ದದ್ದೂ ಒಳ್ಳೆಯದೇ ಆಯಿತು. ಚರಂಡಿ ನೀರಿಲ್ಲ, ಹೊಲದಿಂದ ಕೊಚ್ಚಿ ಬರುವ ಮಣ್ಣಿಲ್ಲ. ಪಾಚಿ ಮೇಯುವ ಮೀನುಗಳಿದ್ದವು, ಹಾಗಾಗಿ ಮರಿಗೆ ಕೂರಲು ಬಂಡೆ ಖಾಲಿ ಸಿಕ್ಕಿತು.

2016ರಲ್ಲಿ ಸ್ಕಾಟ್ ದಿಬ್ಬ ಮತ್ತೆ ಬೆಳ್ಳಗಾಯಿತು. ಲಕ್ಷದ್ವೀಪದ ಹವಳಗಳಿಗೂ 1998, 2010, 2016, 2024ರಲ್ಲಿ ಬಿಸಿ ತಟ್ಟಿದೆ. ನಡುವಿನ ವರ್ಷಗಳನ್ನು ನೀವೇ ಲೆಕ್ಕ ಹಾಕಿ. ಚೇತರಿಸಿಕೊಳ್ಳಲು ಸ್ಕಾಟ್ ದಿಬ್ಬಕ್ಕೆ ಬೇಕಾದದ್ದು ಹನ್ನೆರಡು ವರ್ಷ.

ಓದಿ ಬರೆಯಿರಿ: ಹವಳ, ದಿಬ್ಬ, ಮರಿ, ಪಾಚಿ, ವಂಶವಾಹಿ, ನೆಂಟಸ್ತನ.
ಹೇಳಿ: ಸ್ಕಾಟ್ ದಿಬ್ಬವನ್ನು ತುಂಬಿದ ಮರಿಗಳು ಎಲ್ಲಿಂದ ಬಂದವು?