ಕ್ಯಾಬಿನೆಟ್ ಬಿಚ್ಚುವ ಮುನ್ನ

ಮನೆಯ ಹಳೇ ಡೆಸ್ಕ್‌ಟಾಪಿಗೆ ಹೊಸ ಬಿಡಿಭಾಗ ಹಾಕಲು ಹೊರಟಿದ್ದೀರಾ? ಮೊದಲು ಫೋಟೊ, ಕಾಗದಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೇ ವೇಗದ ಗೋಳು ಬಹುಪಾಲು ತೀರುತ್ತದೆ. ರ‍್ಯಾಮ್ ಆಮೇಲಿನ ಮಾತು. ಮಣಿಪಾಲದ ಅಂಗಡಿಗೋ ಉಡುಪಿಯ ಅಂಗಡಿಗೋ ಹೋಗುವಾಗ ಹಳೇ ರ‍್ಯಾಮನ್ನೇ ಜೊತೆಗೊಯ್ಯಿರಿ. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ, ಅದರ ಕಚ್ಚೇ ಬೇರೆ ಕಡೆ ಇರುತ್ತದೆ. ಕೂರದಿದ್ದರೆ ಒತ್ತಲು ಹೋಗಬೇಡಿ.

ಕಾಪುವಿನಂಥ ಕಡಲ ಬದಿಯವರಿಗೆ ಉಪ್ಪುಗಾಳಿಯದೇ ಕಾಟ. ರ‍್ಯಾಮಿನ ಹೊಂಬಣ್ಣದ ಅಂಚು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಮತ್ತೆ ಕೂರಿಸಿ. ಸತ್ತೇಹೋಯಿತೆಂದುಕೊಂಡ ಎಷ್ಟೋ ಕಂಪ್ಯೂಟರುಗಳು ಇಷ್ಟಕ್ಕೇ ಎದ್ದು ಕೂರುತ್ತವೆ. (ರಿಪೇರಿಯವರು ಇದನ್ನು ಹೇಳಲಿಕ್ಕಿಲ್ಲ!)

ಘಟ್ಟದ ಬುಡದ ಕಾರ್ಕಳದಲ್ಲಿ ಮುಂಗಾರಿಗೆ ಮೊದಲಿನ ಸಿಡಿಲು ಜೋರು. ಗುಡುಗು ಕೇಳಿಸಿದ ಕೂಡಲೇ ಕೆಲಸ ನಿಲ್ಲಿಸಿ. ಗುಡುಗುವ ಮೊದಲೇ ಪ್ಲಗ್ಗಿನ ಜೊತೆ ಇಂಟರ್‌ನೆಟ್ ವಯರನ್ನೂ ತೆಗೆದಿಟ್ಟರೆ ಒಳ್ಳೆಯದು; ಸಿಡಿಲಿಗೆ ಆ ದಾರಿಯೂ ಸಾಕು. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸೊರಗುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಮೊದಲು ಎಲೆಕ್ಟ್ರಿಶಿಯನ್ನರನ್ನು ಕರೆಸಿ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಲೇಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.